ಎರಡೂ ಬಾಯಿ ಕಂಡವಾ? ಹುಟ್ಟಿನಿಂದಲೇ ದಾರಿ ತಪ್ಪಿದ ಕೊರೊನರಿಗಳ ಪತ್ತೆ

ಮೊದಲು ಒಂದು ಫೈಲಿನ ಬಗ್ಗೆ ಹೇಳುತ್ತೇನೆ. 14 ವರ್ಷದ ಹುಡುಗ. ಓಟದ ಅಭ್ಯಾಸದ ಕೊನೇ ಸುತ್ತಿನಲ್ಲಿ ಕುಸಿದು ಬಿದ್ದ. ಅರ್ಧ ನಿಮಿಷದಲ್ಲಿ ಎದ್ದು ಕೂತ, ನೀರು ಕುಡಿದ, ನಡೆದುಕೊಂಡೇ ಮನೆಗೆ ಹೋದ. ಬಿಸಿಲು ಜಾಸ್ತಿ ಇತ್ತು, ಹುಡುಗ ಸರಿಯಾಗಿ ತಿಂದಿರಲಿಲ್ಲ ಅಂತ ಎಲ್ಲರೂ ಸಮಾಧಾನ ಮಾಡಿಕೊಂಡರು. ಎರಡು ತಿಂಗಳ ಮೇಲೆ ಮತ್ತೆ ಬಿದ್ದ. ಆವತ್ತು ಬಿಸಿಲಿರಲಿಲ್ಲ, ಹೊಟ್ಟೆ ತುಂಬಿತ್ತು. ಓಡುತ್ತಿದ್ದ, ಅಷ್ಟೇ. ಈ ಸಲ ತಾಯಿ ಸುಮ್ಮನೆ ಬಿಡಲಿಲ್ಲ. ಇ.ಸಿ.ಜಿ. ಆಯಿತು, ಧ್ವನಿ ಅಲೆಯಿಂದ ಹೃದಯ ನೋಡುವ ಎಕೋ ಆಯಿತು, ಟ್ರೆಡ್‌ಮಿಲ್ ಕೂಡ ಆಯಿತು. ಫೈಲು ನನ್ನ ಮೇಜಿಗೆ ಬಂದಾಗ ಅದರಲ್ಲಿ ಮೂರು ಹಾಳೆ. ಮೂರರ ಕೊನೆಗೂ ಒಂದೇ ಪದ: ನಾರ್ಮಲ್.

ಎಕೋ ಹಾಳೆಯನ್ನು ಎರಡು ಸಲ ಓದಿದೆ. ಕವಾಟಗಳ ಬಗ್ಗೆ ಬರೆದಿದ್ದರು. ಗೋಡೆಯ ದಪ್ಪ ಎಷ್ಟು, ಕೋಣೆಗಳ ಅಳತೆ ಎಷ್ಟು, ಹೃದಯ ಎಷ್ಟು ಚೆನ್ನಾಗಿ ಹಿಂಡುತ್ತಿದೆ, ಎಲ್ಲಾ ಇತ್ತು. ಕೊರೊನರಿ, ಅಂದರೆ ಹೃದಯದ ಸ್ನಾಯುವಿಗೇ ರಕ್ತ ತರುವ ನಾಳ, ಅನ್ನುವ ಪದ ಮಾತ್ರ ಎಲ್ಲೂ ಇರಲಿಲ್ಲ. ನೋಡಿದೆವು, ಸರಿ ಇದೆ ಅನ್ನುವುದು ಒಂದು ಮಾತು. ನೋಡಲೇ ಇಲ್ಲ ಅನ್ನುವುದು ಇನ್ನೊಂದು. ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ನನ್ನ ಇವತ್ತಿನ ಮಾತೆಲ್ಲ ಈ ಒಂದು ಗೊಂದಲದ ಸುತ್ತಲೇ ಇದೆ.

ಸಭೆಯಲ್ಲಿ ಡಾಕ್ಟರುಗಳಿದ್ದೀರಿ, ಟೆಕ್ನಿಷಿಯನ್‌ಗಳಿದ್ದೀರಿ, ಹಿಂದಿನ ಸಾಲಿನಲ್ಲಿ ಕೆಲವು ತಂದೆತಾಯಂದಿರೂ ಇದ್ದೀರಿ. ಹಾಗಾಗಿ ಬುಡದಿಂದಲೇ ಶುರು ಮಾಡುತ್ತೇನೆ. ಗೊತ್ತಿರುವವರು ಐದು ನಿಮಿಷ ಸಹಿಸಿಕೊಳ್ಳಿ.

ಹೃದಯದೊಳಗೆ ಸದಾ ರಕ್ತ ತುಂಬಿರುತ್ತದೆ. ಆದರೆ ಅದರ ಸ್ನಾಯು ಆ ರಕ್ತವನ್ನು ನೇರವಾಗಿ ಕುಡಿಯುವುದಿಲ್ಲ. ಅದಕ್ಕೆ ಬೇರೆ ಕೊಳವೆಗಳು ಬೇಕು. ಎಡಗಡೆಯ ಕೋಣೆಯಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಬುಡದಲ್ಲಿ, ಕವಾಟದ ಮೂರು ಎಸಳುಗಳ ಹಿಂದೆ, ಮೂರು ಗುಳಿಗಳಿರುತ್ತವೆ. ಬಲ ಗುಳಿಯಿಂದ ಬಲ ಕೊರೊನರಿ ಹುಟ್ಟುತ್ತದೆ, ಎಡ ಗುಳಿಯಿಂದ ಎಡ ಕೊರೊನರಿ. ಮೂರನೆಯದು ಖಾಲಿ. ಕೊರೊನರಿ ಹೊರಡುವ ತೂತಿಗೆ ನಾವು ಬಾಯಿ ಅನ್ನುತ್ತೇವೆ. ಎಡದ್ದು ಸ್ವಲ್ಪ ದೂರ ಹೋಗಿ ಎರಡಾಗುತ್ತದೆ. ಒಂದು ಕವಲು ಹೃದಯದ ಮುಂಭಾಗದಲ್ಲಿ ಇಳಿಯುತ್ತದೆ, ಇನ್ನೊಂದು ಪಕ್ಕದಿಂದ ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಹೃದಯದ ತಲೆಗೆ ಕಿರೀಟ ಇಟ್ಟ ಹಾಗೆ ಕಾಣುತ್ತದೆ ಅಂತಲೇ ಕೊರೊನರಿ ಅನ್ನುವ ಹೆಸರು ಬಂದದ್ದು.

ನೂರರಲ್ಲಿ ಸುಮಾರು ಒಬ್ಬರಿಗೆ ಈ ಏರ್ಪಾಡು ಬೇರೆ ಥರ ಇರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 1990ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟಿಸಿದರು. 1,26,595 ಜನರ ಆಂಜಿಯೋಗ್ರಾಮ್ (ನಾಳಕ್ಕೆ ಎಕ್ಸ್-ರೇಯಲ್ಲಿ ಕಾಣುವ ದ್ರವ, ಅಂದರೆ ಡೈ, ಬಿಟ್ಟು ತೆಗೆಯುವ ಚಿತ್ರ) ತೆಗೆದು ನೋಡಿದಾಗ 1,686 ಜನರಲ್ಲಿ ಕೊರೊನರಿ ಏನೋ ಒಂದು ರೀತಿ ಬೇರೆ ಇತ್ತು. ಅಂದರೆ ಶೇಕಡಾ 1.3. ತಂದೆತಾಯಂದಿರು ಗಾಬರಿಯಾಗುವ ಮೊದಲೇ ಇದನ್ನೂ ಹೇಳಿಬಿಡುತ್ತೇನೆ: ಅದರಲ್ಲಿ ಶೇಕಡಾ 81ರಷ್ಟು ಏನೂ ತೊಂದರೆ ಕೊಡದ ಬಗೆಯವು. ಎಡದ ಎರಡು ಕವಲುಗಳು ಒಂದೇ ಕಾಂಡದಿಂದ ಬರುವ ಬದಲು ಪಕ್ಕಪಕ್ಕದಲ್ಲೇ ಎರಡು ಬಾಯಿಂದ ಹುಟ್ಟುವುದು ಎಲ್ಲಕ್ಕಿಂತ ಸಾಮಾನ್ಯ. ಆ ಮನುಷ್ಯ 90 ವರ್ಷ ಬದುಕಬಹುದು, ಅವನಿಗೆ ವಿಷಯವೇ ಗೊತ್ತಿರುವುದಿಲ್ಲ.

ಹಾಗಾದರೆ ಭಯ ಯಾವುದಕ್ಕೆ? ಇಲ್ಲಿ ನಿಧಾನಕ್ಕೆ ಹೋಗಬೇಕು.

ಕೊರೊನರಿ ತಪ್ಪು ಗುಳಿಯಿಂದ ಹುಟ್ಟಿತು ಅಂತಿಟ್ಟುಕೊಳ್ಳಿ. ಎಡದ್ದು ಬಲ ಗುಳಿಯಿಂದ ಹುಟ್ಟಿದೆ. ಆದರೂ ಅದು ಎಡಗಡೆಗೆ ಹೋಗಲೇಬೇಕು, ಅಲ್ಲಿನ ಸ್ನಾಯು ಕಾಯುತ್ತಿದೆ. ಹೋಗುವುದು ಯಾವ ದಾರಿಯಲ್ಲಿ? ಅಯೋರ್ಟಾದ ಮುಂದೆ, ಮೈಗೆ ಮೈ ತಾಗಿಸಿಕೊಂಡು, ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳ ನಿಂತಿದೆ. ಅದನ್ನು ಪಲ್ಮನರಿ ಆರ್ಟರಿ ಅನ್ನುತ್ತೇವೆ. ಕೊರೊನರಿ ಆ ನಾಳದ ಮುಂದಿನಿಂದ ಬಳಸಿಕೊಂಡು ಹೋಗಬಹುದು. ಅಯೋರ್ಟಾದ ಹಿಂದಿನಿಂದ ಸುತ್ತಬಹುದು. ಪಲ್ಮನರಿ ಕವಾಟಕ್ಕಿಂತ ಕೆಳಗೆ, ಎರಡು ಕೋಣೆಗಳ ನಡುವಿನ ಸ್ನಾಯುವಿನೊಳಗೆ ಇಳಿದು, ಜೋಲಿಯ ಹಾಗೆ ತೂಗಿ ಮತ್ತೆ ಮೇಲೆ ಬರಬಹುದು. ಈ ಮೂರು ದಾರಿಗಳೂ ಸಾಮಾನ್ಯವಾಗಿ ನಿರಪಾಯ. ನಾಲ್ಕನೆಯದು ಎರಡು ದೊಡ್ಡ ನಾಳಗಳ ಸಂದಿಯಲ್ಲೇ ನುಗ್ಗಿ ಹೋಗುವ ದಾರಿ. ನಮ್ಮ ನಿದ್ದೆ ಕೆಡಿಸುವುದು ಇದು.

ನಾನು ಓದುವಾಗ ಇದಕ್ಕೆ ಒಂದು ಸರಳ ವಿವರಣೆ ಹೇಳಿಕೊಡುತ್ತಿದ್ದರು. ಓಡುವಾಗ ಎರಡೂ ನಾಳ ಉಬ್ಬುತ್ತವೆ, ನಡುವೆ ಸಿಕ್ಕಿಕೊಂಡ ಕೊರೊನರಿ ಜಜ್ಜಿಹೋಗುತ್ತದೆ, ಮುಗಿಯಿತು ಅಂತ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಪಲ್ಮನರಿ ಆರ್ಟರಿಯ ಒತ್ತಡ ಅಯೋರ್ಟಾದ ಒತ್ತಡಕ್ಕಿಂತ ಬಹಳ ಕಡಿಮೆ. ಕೊರೊನರಿಯೊಳಗೆ ಇರುವುದು ಅಯೋರ್ಟಾದ ಒತ್ತಡ. ಮೆತ್ತಗಿನದು ಗಟ್ಟಿಯಾದದ್ದನ್ನು ಜಜ್ಜುವುದು ಹೇಗೆ? ಅದಕ್ಕೇ ಈಗ ಹೆಚ್ಚಿನವರ ಕಣ್ಣು ಬೇರೆ ಕಡೆ ಇದೆ. ಇಂಥ ಕೊರೊನರಿ ಎಷ್ಟೋ ಸಲ ಅಯೋರ್ಟಾದಿಂದ ನೇರ ಹೊರಗೆ ಬರುವುದಿಲ್ಲ. ಮೊದಲ ಕೆಲವು ಮಿಲಿಮೀಟರ್ ಅಯೋರ್ಟಾದ ಗೋಡೆಯೊಳಗೇ ತೆವಳುತ್ತದೆ. ಗೋಡೆಯೊಳಗಿನ ಭಾಗ ಗುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಬಾಯಿ ಉಂಗುರದ ಹಾಗಿರದೆ ಬ್ಲೇಡಿನಿಂದ ಗೀರಿದ ಸೀಳಿನ ಹಾಗಿರುತ್ತದೆ. ಅದೂ ಓರೆಯಾಗಿ ಹೊರಟಿರುತ್ತದೆ. ಜೋರಾಗಿ ಓಡುವಾಗ ಅಯೋರ್ಟಾ ಹಿಗ್ಗುತ್ತದೆ, ಗೋಡೆ ಬಿಗಿಯಾಗುತ್ತದೆ, ಸೀಳು ಇನ್ನೂ ಸಣ್ಣದಾಗುತ್ತದೆ. ಸ್ನಾಯುವಿಗೆ ರಕ್ತ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ನಲ್ಲಿ ತಿರುಗಿಸಿದ ಹಾಗೆ.

ಇದು ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಅಂತ ಮೊದಲೇ ಹೇಳಲು ಆಗುವುದಿಲ್ಲ. ವರ್ಷಗಟ್ಟಲೆ ಓಡಿದವನಿಗೆ ಏನೂ ಆಗದೆ ಒಂದು ದಿನ ಆಗಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮಾರವಿಚ್ ಹೆಸರು ಕೆಲವರು ಕೇಳಿರಬಹುದು. ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್.ಬಿ.ಎ.ಯಲ್ಲಿ ಹತ್ತು ಸೀಸನ್ ಆಡಿದವರು. 1988ರ ಜನವರಿ 5ರಂದು, 40ನೇ ವಯಸ್ಸಿನಲ್ಲಿ, ಗೆಳೆಯರ ಜೊತೆ ಸುಮ್ಮನೆ ಆಡುತ್ತಿದ್ದಾಗ ಕುಸಿದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗೊತ್ತಾದದ್ದು: ಅವರಿಗೆ ಎಡ ಕೊರೊನರಿಯೇ ಇರಲಿಲ್ಲ. ಅಷ್ಟು ವರ್ಷ ಆ ಹೃದಯ ಒಂದೇ ಕೊರೊನರಿಯ ಮೇಲೆ ಓಡಿತ್ತು. ಅವರದ್ದು ನಾನು ಹೇಳುತ್ತಿರುವ ಸಂದಿಯ ಕೇಸ್ ಅಲ್ಲ, ಬೇರೆ ಬಗೆ. ಆದರೆ ಅಷ್ಟು ಮೇಲಿನ ಮಟ್ಟದಲ್ಲಿ ಆಡಿದ ಮನುಷ್ಯನಲ್ಲೂ ಇದು ಯಾರ ಕಣ್ಣಿಗೂ ಬೀಳದೆ ಉಳಿಯಿತು ನೋಡಿ, ಅದಕ್ಕೇ ಹೇಳಿದೆ.

ಅಮೆರಿಕದ ಸೇನೆಗೆ ಹೊಸದಾಗಿ ಸೇರಿದವರಲ್ಲಿ 25 ವರ್ಷದ ಅವಧಿಯಲ್ಲಿ ಪೆಟ್ಟಿಲ್ಲದೆ ಹಠಾತ್ತನೆ ತೀರಿಕೊಂಡ 126 ಜನರ ದಾಖಲೆಗಳನ್ನು 2004ರಲ್ಲಿ ಪ್ರಕಟಿಸಿದರು. 64 ಜನರ ಹೃದಯದಲ್ಲಿ ಕಣ್ಣಿಗೆ ಕಾಣುವ ದೋಷ ಸಿಕ್ಕಿತು. ಆ 64ರಲ್ಲಿ 21 ಜನರದ್ದು ತಪ್ಪು ಜಾಗದಿಂದ ಹುಟ್ಟಿದ ಕೊರೊನರಿ. ಆ 21ರಲ್ಲೂ ಎಡ ಕೊರೊನರಿ ಬಲ ಗುಳಿಯಿಂದ ಹುಟ್ಟಿ ಸಂದಿಯಲ್ಲೇ ಹೋಗಿತ್ತು. ಒಂದೂ ಬಿಟ್ಟಿಲ್ಲ. ಬಲ ಕೊರೊನರಿ ಎಡ ಗುಳಿಯಿಂದ ಹುಟ್ಟುವುದು ಇದಕ್ಕಿಂತ ಹಲವು ಪಟ್ಟು ಸಾಮಾನ್ಯ, ಆದರೆ ಅದರಿಂದ ಸಾಯುವವರು ಕಡಿಮೆ. ಈ ವ್ಯತ್ಯಾಸ ನೆನಪಿರಲಿ, ಚಿಕಿತ್ಸೆಯ ಮಾತು ಬಂದಾಗ ಬೇಕಾಗುತ್ತದೆ.

ಈಗ ಮೂರು ಹಾಳೆಗಳಿಗೆ ವಾಪಸ್ ಬರೋಣ. ಇ.ಸಿ.ಜಿ. ಯಾಕೆ ನಾರ್ಮಲ್ ಇತ್ತು? ಮಲಗಿರುವ ಹುಡುಗನ ಹೃದಯಕ್ಕೆ ಆ ಸೀಳಿನಿಂದ ಬರುವ ರಕ್ತ ಸಾಕಾಗುತ್ತದೆ. ಅದು ತಪ್ಪಲ್ಲ. ಟ್ರೆಡ್‌ಮಿಲ್ ಯಾಕೆ? ಇದು ಬಹಳ ಜನರಿಗೆ ನುಂಗಲು ಕಷ್ಟ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಇದೇ ದೋಷದಿಂದ ತೀರಿಕೊಂಡ 27 ಎಳೆಯ ಕ್ರೀಡಾಪಟುಗಳ ವಿವರ ಇದೆ. ಬದುಕಿದ್ದಾಗ 6 ಜನ ಪೂರಾ ವೇಗದ ವ್ಯಾಯಾಮ ಪರೀಕ್ಷೆ ಮಾಡಿಸಿಕೊಂಡಿದ್ದರು. ಆರಕ್ಕೆ ಆರೂ ನಾರ್ಮಲ್. 9 ಜನರ ಇ.ಸಿ.ಜಿ. ಸಿಕ್ಕಿತು, ಒಂಬತ್ತೂ ನಾರ್ಮಲ್. ಆದರೆ ಮಾಹಿತಿ ಸಿಕ್ಕ 12 ಜನರಲ್ಲಿ 10 ಜನರಿಗೆ ಮೊದಲೇ ಏನಾದರೊಂದು ತೊಂದರೆ ಆಗಿತ್ತು. ಕೆಲವರು ತಲೆ ಸುತ್ತಿ ಬಿದ್ದಿದ್ದರು, ಕೆಲವರಿಗೆ ಎದೆ ನೋವು ಬಂದಿತ್ತು. ಅಂದರೆ ಪರೀಕ್ಷೆಗಳು ಹೇಳದಿದ್ದನ್ನು ಮಕ್ಕಳು ಹೇಳಿದ್ದರು. ಓಡುವಾಗ ಬಿದ್ದ ಮಗು, ಓಡಿ ನಿಂತ ಕೂಡಲೇ ಬಿದ್ದ ಮಗು, ಆಡುವಾಗ ಎದೆ ಹಿಡಿದುಕೊಳ್ಳುವ ಮಗು. ಈ ಮೂರರಲ್ಲಿ ಯಾವುದು ಕಿವಿಗೆ ಬಿದ್ದರೂ ನಾನು ಟ್ರೆಡ್‌ಮಿಲ್ ಹಾಳೆ ನಂಬಿ ಮನೆಗೆ ಕಳಿಸುವುದಿಲ್ಲ. ಬಹಳ ಹೊತ್ತು ನಿಂತಿದ್ದು ತಲೆ ಸುತ್ತಿ ಬೀಳುವುದು ಬೇರೆ, ಓಟದ ಮಧ್ಯೆ ಬೀಳುವುದು ಬೇರೆ. ಹೇಗೆ ಬಿದ್ದ ಅಂತ ಕೇಳುವುದಕ್ಕೆ ಯಾವ ಮಷೀನೂ ಬೇಡ.

ಉಳಿದದ್ದು ಎಕೋ. ಎದೆಮೂಳೆಯ ಪಕ್ಕದಲ್ಲಿ ಪ್ರೋಬ್ ಇಟ್ಟು ತಿರುಗಿಸಿದರೆ ಅಯೋರ್ಟಾದ ಬುಡ ಅಡ್ಡ ಕತ್ತರಿಸಿದ ಹಾಗೆ ಗುಂಡಗೆ ಕಾಣುತ್ತದೆ. ಅದನ್ನೊಂದು ಗಡಿಯಾರ ಅಂದುಕೊಳ್ಳಿ. ಬಲ ಕೊರೊನರಿಯ ಬಾಯಿ ಸುಮಾರು 11 ಗಂಟೆಯ ಜಾಗದಲ್ಲಿ, ಎಡದ್ದು ಸುಮಾರು 4 ಗಂಟೆಯ ಜಾಗದಲ್ಲಿ ಸಿಗಬೇಕು. ಮಕ್ಕಳ ಎದೆ ತೆಳು, ಹೆಚ್ಚಿನ ಮಕ್ಕಳಲ್ಲಿ ತಾಳ್ಮೆಯಿಂದ ಹುಡುಕಿದರೆ ಎರಡೂ ಸಿಗುತ್ತವೆ. ದೊಡ್ಡವರಲ್ಲಿ ಕಷ್ಟ, ಎಷ್ಟೋ ಸಲ ಸಿಗುವುದೇ ಇಲ್ಲ. ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ನು ಎಕೋ ಹೇಗೆ ಮೋಸ ಮಾಡುತ್ತದೆ ಅನ್ನುವುದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತರಬೇತಿಯ ಮೊದಲ ವರ್ಷ. ಎರಡೂವರೆ ತಿಂಗಳ ಮಗು ಬಂತು. ಹಾಲು ಕುಡಿಯಲು ಶುರು ಮಾಡಿದರೆ ಎರಡು ನಿಮಿಷಕ್ಕೆ ಬೆವರುತ್ತಿತ್ತು, ಮುಖ ಬಿಳಿಚುತ್ತಿತ್ತು, ಕಿರುಚಿ ಅಳುತ್ತಿತ್ತು. ಹೊಟ್ಟೆ ನುಲಿತ ಅಂತ ಹನಿ ಔಷಧಿ ಕೊಟ್ಟಿದ್ದರು. ಎಕೋದಲ್ಲಿ ಹೃದಯ ಊದಿಕೊಂಡಿತ್ತು, ಹಿಂಡುವ ಶಕ್ತಿ ಕುಸಿದಿತ್ತು. ನಾನು 4 ಗಂಟೆಯ ಜಾಗ ನೋಡಿದೆ. ಅಯೋರ್ಟಾಕ್ಕೆ ಅಂಟಿಕೊಂಡ ಹಾಗೆ ಕಪ್ಪು ಕೊಳವೆಯೊಂದು ಕಂಡಿತು. ಎಡ ಕೊರೊನರಿ ಸರಿಯಾದ ಜಾಗದಲ್ಲಿದೆ ಅಂತ ಬರೆದುಬಿಟ್ಟೆ. ಹೃದಯದ ಸ್ನಾಯುವಿನದ್ದೇ ಕಾಯಿಲೆ ಇರಬೇಕು ಅಂದುಕೊಂಡೆ.

ಸಂಜೆ ನನ್ನ ಸೀನಿಯರ್ ಬಂದು ಅದೇ ಜಾಗಕ್ಕೆ ಪ್ರೋಬ್ ಇಟ್ಟರು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಗುಂಡಿ ಒತ್ತಿದರು. ನಿಧಾನದ ಹರಿವೂ ಕಾಣಲಿ ಅಂತ ವೇಗದ ಸ್ಕೇಲನ್ನು ಸೆಕೆಂಡಿಗೆ 25 ಸೆಂಟಿಮೀಟರ್‌ಗೆ ಇಳಿಸಿದರು. ನಾನು ಕೊರೊನರಿ ಅಂದುಕೊಂಡಿದ್ದ ಕೊಳವೆಯಲ್ಲಿ ಬಣ್ಣವೇ ಬರಲಿಲ್ಲ. ಅದು ರಕ್ತನಾಳವೇ ಅಲ್ಲ, ಹೃದಯದ ಹೊದಿಕೆಯ ಒಂದು ಮಡಿಕೆ. ಆಮೇಲೆ ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಪಲ್ಮನರಿ ಆರ್ಟರಿಯೊಳಗೆ ಸಣ್ಣ ಬಣ್ಣದ ಚಿಲುಮೆ ಚಿಮ್ಮಿತು. ಅದರ ಬೆನ್ನು ಹಿಡಿದು ಹೋದರೆ ಎಡ ಕೊರೊನರಿ. ರಕ್ತ ಅದರೊಳಗೆ ಸ್ನಾಯುವಿನ ಕಡೆಗೆ ಹೋಗುವ ಬದಲು ತಿರುಗಿ ಪಲ್ಮನರಿಗೆ ಹರಿಯುತ್ತಿತ್ತು. ಅವರು ನನಗೆ ಬಯ್ಯಲಿಲ್ಲ. "ಕೊಳವೆ ಕಂಡ್ರೆ ಸಾಲದು, ಹರಿವು ಕಾಣಬೇಕು" ಅಂದರು. ಬಯ್ದಿದ್ದರೇ ಚೆನ್ನಾಗಿತ್ತೇನೋ. ಮಗುವಿಗೆ ಆಪರೇಷನ್ ಆಯಿತು, ಬದುಕಿತು. ನನ್ನ ಮೊದಲ ಹಾಳೆಯನ್ನು ಮಾತ್ರ ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಆ ಮಗುವಿಗೆ ಇದ್ದ ದೋಷವನ್ನು, ಅಂದರೆ ಎಡ ಕೊರೊನರಿ ಪಲ್ಮನರಿ ಆರ್ಟರಿಯಿಂದ ಹುಟ್ಟುವುದನ್ನು, 1933ರಲ್ಲಿ ಬ್ಲಾಂಡ್, ವೈಟ್, ಗಾರ್ಲೆಂಡ್ ಅನ್ನುವ ಮೂವರು ವೈದ್ಯರು ವಿವರಿಸಿದರು. ಅವರ ಹೆಸರಿನಲ್ಲೇ ಕರೆಯುತ್ತಾರೆ. ಸುಮಾರು 3 ಲಕ್ಷ ಹೆರಿಗೆಗೆ ಒಂದು. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಮೊದಲ ವರ್ಷದೊಳಗೇ ತೀರಿಕೊಳ್ಳುತ್ತವೆ. ಹುಟ್ಟಿದ ದಿನ ಮಗು ಚೆನ್ನಾಗಿಯೇ ಇರುತ್ತದೆ, ಯಾಕೆ ಗೊತ್ತಾ? ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ದಿನಗಳಲ್ಲಿ ಪಲ್ಮನರಿಯ ಒತ್ತಡ ಜಾಸ್ತಿ ಇರುತ್ತದೆ. ತಪ್ಪು ನಾಳದಿಂದ ಹುಟ್ಟಿದರೂ ಎಡ ಕೊರೊನರಿಗೆ ರಕ್ತ ನುಗ್ಗುತ್ತದೆ. ವಾರಗಳು ಕಳೆದ ಹಾಗೆ ಆ ಒತ್ತಡ ಇಳಿಯುತ್ತದೆ. ಆಗ ಹರಿವು ಮೊದಲು ನಿಧಾನವಾಗುತ್ತದೆ, ಆಮೇಲೆ ತಿರುಗುಮುರುಗಾಗುತ್ತದೆ. ಬಲ ಕೊರೊನರಿ ಸಣ್ಣ ಒಳದಾರಿಗಳ ಮೂಲಕ ಎಡಕ್ಕೆ ಕಳಿಸಿದ ರಕ್ತವನ್ನೂ ಪಲ್ಮನರಿ ಎಳೆದುಕೊಳ್ಳುತ್ತದೆ. ಸ್ನಾಯು ಹಸಿದು ಕೂರುತ್ತದೆ. ಹಾಲು ಕುಡಿಯುವುದು ಆ ವಯಸ್ಸಿಗೆ ದೊಡ್ಡ ವ್ಯಾಯಾಮ. ಅದಕ್ಕೇ ತೊಂದರೆ ಹಾಲು ಕುಡಿಯುವಾಗಲೇ ಹೊರಬೀಳುತ್ತದೆ. ದೊಡ್ಡವರ ಎದೆನೋವನ್ನು ಮಗು ಅಳುವಿನಲ್ಲಿ ಹೇಳುತ್ತಿರುತ್ತದೆ.

ಇಲ್ಲಿ ಇ.ಸಿ.ಜಿ. ಕೈಬಿಡುವುದಿಲ್ಲ. ಹೃದಯದ ಎಡ ಪಕ್ಕವನ್ನು ತೋರಿಸುವ ಗೆರೆಗಳಾದ ಒಂದನೇ ಲೀಡ್ ಮತ್ತು ಎ.ವಿ.ಎಲ್. ನೋಡಿ. ಆಳವಾದ ಕ್ಯೂ ಅಲೆ ಇದ್ದರೆ, ಪುಟ್ಟ ಮಗುವಿನಲ್ಲಿ ಹಾರ್ಟ್ ಅಟ್ಯಾಕಿನ ಗುರುತು ಇದ್ದರೆ, ಮೊದಲು ಕೊರೊನರಿ ಹುಡುಕಿ. ಎಕೋದಲ್ಲಿ ಬಲ ಕೊರೊನರಿ ಅಗತ್ಯಕ್ಕಿಂತ ದಪ್ಪಗಿರುತ್ತದೆ, ಎರಡು ಮನೆಯ ಖರ್ಚು ಅದೇ ನೋಡಿಕೊಳ್ಳುತ್ತಿದೆ ಪಾಪ. ಎಡ ಕೋಣೆಯ ಕವಾಟ ಸೋರುತ್ತಿರುತ್ತದೆ, ಅದನ್ನು ಹಿಡಿದಿಡುವ ಸ್ನಾಯು ಬಿಳಿಯಾಗಿ ಹೊಳೆಯುತ್ತಿರುತ್ತದೆ. ಊದಿಕೊಂಡ ಹೃದಯ ಇರುವ ಯಾವ ಮಗುವಿಗೂ ಎಡ ಕೊರೊನರಿ ಎಲ್ಲಿಂದ ಹುಟ್ಟಿದೆ ಅಂತ ಹರಿವಿನ ಸಮೇತ ನೋಡದೆ ಸ್ನಾಯುವಿನ ಕಾಯಿಲೆ ಅಂತ ಬರೆಯಬೇಡಿ. ಒಂದನ್ನು ಆಪರೇಷನ್‌ನಿಂದ ಸರಿ ಮಾಡಬಹುದು, ಇನ್ನೊಂದನ್ನು ಹಾಗೆ ಸರಿ ಮಾಡಲಾಗುವುದಿಲ್ಲ.

ಸಂದಿಯ ಕೊರೊನರಿಯಲ್ಲೂ ಎಕೋ ಇನ್ನೊಂದು ಆಟ ಆಡುತ್ತದೆ. ಗೋಡೆಯೊಳಗೆ ತೆವಳಿದ ನಾಳ ಕೊನೆಗೆ ಹೊರಬರುವುದು ಎಲ್ಲಿ? ಎಷ್ಟೋ ಸಲ ಸರಿಯಾದ ಗುಳಿಯ ಎದುರಿಗೇ. ಹೊರಗಿನಿಂದ ನೋಡಿದರೆ ಅಲ್ಲಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ. ಕಲರ್ ಹಾಕಿದಾಗ ಅಯೋರ್ಟಾದ ಮುಂದಿನ ಗೋಡೆಯೊಳಗೆ ಗೋಡೆಯ ಉದ್ದಕ್ಕೂ ಒಂದು ಬಣ್ಣದ ಎಳೆ ಕಂಡರೆ ಅಲ್ಲೇ ನಿಲ್ಲಿ.

ಸಂಶಯ ಬಂತು ಅಂದರೆ ಮುಂದಿನ ಹೆಜ್ಜೆ ಸಿ.ಟಿ. ಮೊದಲು ಇದಕ್ಕೆಲ್ಲ ತೂರುನಳಿಕೆಯ ಆಂಜಿಯೋಗ್ರಾಮ್ ಒಂದೇ ದಾರಿಯಾಗಿತ್ತು. ಆ ಪರೀಕ್ಷೆ ಹುಟ್ಟಿದ್ದೇ ಒಂದು ಅವಘಡದಿಂದ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1958ರ ಅಕ್ಟೋಬರ್ 30. ಮೇಲೆ ಹೇಳಿದ ಅದೇ ಕ್ಲೀವ್‌ಲ್ಯಾಂಡ್ ಕ್ಲಿನಿಕ್. ಮೇಸನ್ ಸೋನ್ಸ್ ಎಂಬ ವೈದ್ಯರು 26 ವರ್ಷದ ಒಬ್ಬ ರೋಗಿಯ ಅಯೋರ್ಟಾದ ಕವಾಟ ನೋಡಲು ಡೈ ಬಿಡಿಸುತ್ತಿದ್ದರು. ನಳಿಕೆಯ ತುದಿ ಜಾರಿ ಬಲ ಕೊರೊನರಿಯ ಬಾಯಿಗೆ ಹೊಕ್ಕಿತ್ತು. ಡೈ ಪೂರಾ ಅದರೊಳಗೆ ಹೋಯಿತು. ಹೃದಯ ಕೆಲವು ಸೆಕೆಂಡ್ ನಿಂತೇಹೋಯಿತು. ರೋಗಿಗೆ ಕೆಮ್ಮು ಅಂದರು, ಕೆಮ್ಮಿದ, ಹೃದಯ ಮತ್ತೆ ಬಡಿಯಿತು. ಕೊರೊನರಿಯೊಳಗೆ ಡೈ ಬಿಟ್ಟರೆ ಮನುಷ್ಯ ಸಾಯುತ್ತಾನೆ ಅಂತ ಅಲ್ಲಿಯವರೆಗೆ ನಂಬಿದ್ದರು. ಸಾಯಲಿಲ್ಲ, ಚಿತ್ರ ಮಾತ್ರ ಬಂತು. ಲೋಕದ ಎಲ್ಲಾ ಕೊರೊನರಿ ಆಂಜಿಯೋಗ್ರಾಮ್‌ಗಳ ಅಜ್ಜ ಆ ಚಿತ್ರ.

ಆದರೆ ನಮ್ಮ ಈಗಿನ ವಿಷಯಕ್ಕೆ ಆಂಜಿಯೋಗ್ರಾಮ್‌ನ ಒಂದು ಕೊರತೆ ಇದೆ. ಅದು ನೆರಳು. ಡೈ ತುಂಬಿದ ನಾಳ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಏನಿದೆ ಅನ್ನುವುದು ಕಾಣುವುದಿಲ್ಲ. ಎರಡು ದೊಡ್ಡ ನಾಳಗಳ ನಡುವೆ ಹೋಗಿದೆಯಾ, ಸ್ನಾಯುವಿನೊಳಗೆ ಇಳಿದಿದೆಯಾ ಅನ್ನುವುದನ್ನು ವಕ್ರತೆ ನೋಡಿ ಊಹಿಸಬೇಕು. ಇನ್ನೊಂದು ತಮಾಷೆ ಏನೆಂದರೆ, ಹಾರ್ಟ್ ಅಟ್ಯಾಕ್ ಆದ ರೋಗಿಯ ಕೊರೊನರಿಯ ಬಾಯಿಗೆ ಅರ್ಧ ಗಂಟೆ ತಡಕಾಡಿದರೂ ನಳಿಕೆ ಕೂರುವುದಿಲ್ಲ. ಆಮೇಲೆ ನೋಡಿದರೆ ಬಾಯಿ ಆ ಗುಳಿಯಲ್ಲಿ ಇರುವುದೇ ಇಲ್ಲ. ದೊಡ್ಡವರಲ್ಲಿ ಈ ದೋಷ ಎಷ್ಟೋ ಸಲ ಹೀಗೇ ಸಿಕ್ಕಿಬೀಳುತ್ತದೆ.

ಸಿ.ಟಿ. ಅಯೋರ್ಟಾ, ಪಲ್ಮನರಿ, ಕೊರೊನರಿ, ನಡುವಿನ ಕೊಬ್ಬು, ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಕೆಲಸದ ಕಷ್ಟ ಮಾತ್ರ ಸಣ್ಣದಲ್ಲ. ಹುಡುಕುತ್ತಿರುವ ನಾಳ 2-3 ಮಿಲಿಮೀಟರ್ ಅಗಲ, ಅದು ಕೂತಿರುವುದು ಸದಾ ಕುಣಿಯುವ ಹೃದಯದ ಮೇಲೆ. ಅದಕ್ಕೇ ಇ.ಸಿ.ಜಿ. ತಂತಿ ಅಂಟಿಸಿ, ಎರಡು ಬಡಿತಗಳ ನಡುವೆ ಹೃದಯ ಒಂದು ಗಳಿಗೆ ಸುಮ್ಮನಿರುವಾಗ ಚಿತ್ರ ಹಿಡಿಯುತ್ತೇವೆ. ಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿದರೆ ಒಳ್ಳೆಯದು, ಅದಕ್ಕೆ ಮಾತ್ರೆ ಕೊಡುತ್ತೇವೆ. ಡೈ ಹೋಗುವಾಗ ಮೈಯೊಳಗೆ ಬಿಸಿ ನೀರು ಹರಿದ ಹಾಗಾಗುತ್ತದೆ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಹೇಳದಿದ್ದರೆ ಬೆಚ್ಚಿ ಅಲುಗಾಡುತ್ತಾರೆ, ಅಷ್ಟು ಡೈ ದಂಡ. ವಿಕಿರಣದ ಭಯ ತಂದೆತಾಯಂದಿರಿಗೆ ಸಹಜ. ನೆಲ, ಗಾಳಿ, ಆಕಾಶದಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಹೇಗೂ ಸಿಗುತ್ತದೆ. ಹೊಸ ಮಷೀನಿನಲ್ಲಿ ಹುಷಾರಾಗಿ ಮಾಡಿದ ಇಂಥ ಒಂದು ಸ್ಕ್ಯಾನ್ ಆ ಲೆಕ್ಕದ ಹತ್ತಿರ, ಕೆಲವೊಮ್ಮೆ ಅದಕ್ಕಿಂತ ಕಡಿಮೆಯಲ್ಲೇ ಮುಗಿಯುತ್ತದೆ. ಸುಮ್ಮನೆ ಮಾಡಬಾರದು. ಕಾರಣ ಇದ್ದಾಗ ಹೆದರಿ ಬಿಡಲೂಬಾರದು.

ಎಂ.ಆರ್.ಐ.ಯಲ್ಲಿ ವಿಕಿರಣ ಇಲ್ಲ, ಬಾಯಿಗಳ ಜಾಗ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊತ್ತು ಹಿಡಿಯುತ್ತದೆ, ಸಣ್ಣ ಮಕ್ಕಳು ಅಷ್ಟು ಹೊತ್ತು ಅಲುಗದೆ ಮಲಗುವುದಿಲ್ಲ, ಸೀಳಿನಂಥ ಬಾಯಿಯ ವಿವರ ಸಿ.ಟಿ.ಯಷ್ಟು ಚೊಕ್ಕಟವಾಗಿ ಬರುವುದಿಲ್ಲ. ಔಷಧಿ ಕೊಟ್ಟು ಹೃದಯ ಓಡಿಸಿ, ಸ್ನಾಯುವಿಗೆ ರಕ್ತ ಸಾಲುತ್ತಿದೆಯಾ ಅಂತ ನೋಡುವುದಕ್ಕೆ ನಾನು ಎಂ.ಆರ್.ಐ. ಕಡೆಗೇ ಹೋಗುತ್ತೇನೆ. ದೊಡ್ಡವರಲ್ಲಿ ನಿರ್ಧಾರ ಕಷ್ಟವಾದರೆ ನಾಳದೊಳಗೇ ಸಣ್ಣ ಅಲ್ಟ್ರಾಸೌಂಡ್ ತಂತಿ ಕಳಿಸಿ, ಗೋಡೆಯೊಳಗಿನ ಭಾಗ ಎಷ್ಟು ಚಪ್ಪಟೆಯಾಗುತ್ತದೆ ಅಂತ ಅಳೆಯುವವರಿದ್ದಾರೆ.

ಸಿ.ಟಿ. ಓದುವವರಿಗೆ ಒಂದು ಮಾತು. "ಎಡ ಕೊರೊನರಿ ಬಲ ಗುಳಿಯಿಂದ ಹುಟ್ಟಿದೆ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ. ಆ ಸಾಲು ಓದಿದ ಸರ್ಜನ್‌ಗೆ ಏನೂ ಗೊತ್ತಾಗುವುದಿಲ್ಲ. ಬಾಯಿ ಗುಂಡಗಿದೆಯಾ, ಸೀಳಾ? ಎಷ್ಟು ಓರೆಯಾಗಿ ಹೊರಟಿದೆ? ಸಂದಿಯಲ್ಲಿ ಹೋಗುವುದು ಪಲ್ಮನರಿ ಕವಾಟಕ್ಕಿಂತ ಮೇಲೋ ಕೆಳಗೋ? ಇದೊಂದು ಪ್ರಶ್ನೆಗೆ ಉತ್ತರ ತಪ್ಪಾದರೆ ಆಪರೇಷನ್ ಬೇಡದವರಿಗೆ ಆಪರೇಷನ್ ಆಗುತ್ತದೆ. ನಾಳದ ಸುತ್ತ ಕೊಬ್ಬು ಇದೆಯಾ? ಇದ್ದರೆ ಅದು ಗೋಡೆಯ ಹೊರಗಿದೆ. ಇಲ್ಲದೆ, ಅಡ್ಡ ಕತ್ತರಿಸಿದಾಗ ಮೊಟ್ಟೆಯಾಕಾರಕ್ಕೆ ಚಪ್ಪಟೆ ಕಂಡರೆ, ಗೋಡೆಯೊಳಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಎಷ್ಟು ಮಿಲಿಮೀಟರ್? ಕವಾಟದ ಎರಡು ಎಸಳು ಸೇರುವ ಜಾಗಕ್ಕಿಂತ ಮೇಲೆ ಹೋಗುತ್ತದಾ, ಕೆಳಗಾ? ಸರ್ಜನ್ ಆ ಗೋಡೆ ಸೀಳುವಾಗ ಕವಾಟಕ್ಕೆ ಏಟು ಬೀಳುತ್ತದಾ ಅನ್ನುವುದು ಇದರ ಮೇಲೇ ನಿಂತಿದೆ.

ಉಳಿದ ಬಗೆಗಳನ್ನು ಬೇಗ ಮುಗಿಸುತ್ತೇನೆ. ಕೊರೊನರಿ ಮೇಲ್ಮೈಯಲ್ಲಿ ಹೋಗುವ ಬದಲು ಸ್ವಲ್ಪ ದೂರ ಸ್ನಾಯುವಿನ ಕೆಳಗೆ ಮುಳುಗಿ ಏಳುವುದು ಬಹಳ ಸಾಮಾನ್ಯ. ಸಿ.ಟಿ.ಯಲ್ಲಿ ಇದನ್ನು ನೋಡಿ ಹೆದರಿದವರನ್ನು ಸಮಾಧಾನ ಮಾಡುವುದೇ ನಮಗೊಂದು ಕೆಲಸವಾಗಿದೆ, ಹೆಚ್ಚಿನವರಿಗೆ ಏನೂ ಮಾಡಬೇಕಿಲ್ಲ. ಕೊರೊನರಿ ಹೋಗಿ ನೇರವಾಗಿ ಯಾವುದೋ ಕೋಣೆಗೆ ಅಥವಾ ಪಲ್ಮನರಿಗೆ ತೆರೆದುಕೊಳ್ಳುವ ಫಿಸ್ಟುಲಾ ಇರುತ್ತದೆ. ಸಣ್ಣದು ಸುಮ್ಮನಿರುತ್ತದೆ. ದೊಡ್ಡದಾದರೆ ಸ್ಟೆತಸ್ಕೋಪಿನಲ್ಲಿ ನಿಲ್ಲದ ಸದ್ದು ಕೇಳುತ್ತದೆ. ಹುಟ್ಟಿನಿಂದಲೇ ಹೃದಯದಲ್ಲಿ ಫ್ಯಾಲೋ ಎಂಬ ದೋಷ ಇದ್ದು ಮೈ ನೀಲಿಗಟ್ಟುವ ಮಕ್ಕಳಲ್ಲಿ ಕೆಲವರಿಗೆ ಹೃದಯದ ಮುಂಭಾಗದಲ್ಲಿ ಇಳಿಯುವ ಕವಲು ಬಲ ಕೊರೊನರಿಯಿಂದ ಹುಟ್ಟಿ, ಸರ್ಜನ್ ಚಾಕು ಇಡಬೇಕಾದ ಜಾಗದ ಮೇಲೇ ಅಡ್ಡ ಹಾಯ್ದಿರುತ್ತದೆ. ಅದನ್ನು ಆಪರೇಷನ್‌ಗೆ ಮೊದಲು ನೋಡಿ ಹೇಳಲೇಬೇಕು.

ಚಿಕಿತ್ಸೆ ನನ್ನ ವಿಷಯ ಅಲ್ಲ, ಆದರೂ ಕೇಳೇ ಕೇಳುತ್ತೀರಿ. ಎಡ ಕೊರೊನರಿ ಬಲ ಗುಳಿಯಿಂದ ಹುಟ್ಟಿ ಸಂದಿಯಲ್ಲಿ ಹೋಗಿದ್ದರೆ, ತೊಂದರೆ ಕಾಣಿಸದಿದ್ದರೂ ಎಳೆಯರಲ್ಲಿ ಆಪರೇಷನ್ ಕಡೆಗೇ ಹೆಚ್ಚಿನವರು ವಾಲುತ್ತಾರೆ. ಬಲದ್ದು ಎಡ ಗುಳಿಯಿಂದ ಹುಟ್ಟಿದ್ದರೆ ಲಕ್ಷಣ ಇದೆಯಾ, ಸ್ನಾಯುವಿಗೆ ರಕ್ತ ಕಡಿಮೆಯಾಗುವ ಪುರಾವೆ ಇದೆಯಾ ಅಂತ ನೋಡಿ ನಿರ್ಧರಿಸುತ್ತಾರೆ. ಎರಡೂ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದರ ಬಗ್ಗೆ ಒಳ್ಳೆಯ ವೈದ್ಯರ ನಡುವೆಯೇ ಜಗಳ ಇದೆ. ನನ್ನನ್ನು ಕೇಳಿದರೆ, 60 ವರ್ಷದವರಲ್ಲಿ ಬೇರೆ ಯಾವುದಕ್ಕೋ ಮಾಡಿದ ಸಿ.ಟಿ.ಯಲ್ಲಿ ಇದು ಸಿಕ್ಕಿದರೆ ಎದೆ ಸೀಳುವ ಆತುರ ಬೇಡ. 60 ವರ್ಷ ಅದು ಅವರನ್ನು ಬದುಕಿಸಿದೆ.

ಆ ಹುಡುಗನ ಸಿ.ಟಿ. ಹೇಳಿ ಮುಗಿಸುತ್ತೇನೆ. ಎಡ ಕೊರೊನರಿ ಬಲ ಗುಳಿಯಿಂದ ಹುಟ್ಟಿತ್ತು. ಗೋಡೆಯೊಳಗೆ 9 ಮಿಲಿಮೀಟರ್ ತೆವಳಿ ಸಂದಿಯಲ್ಲೇ ಹೊರಬಿದ್ದಿತ್ತು. ಸರ್ಜನ್ ಅಯೋರ್ಟಾ ತೆರೆದು, ಆ ಸುರಂಗದ ಒಳಗಿನ ಮುಚ್ಚಳವನ್ನು ಉದ್ದಕ್ಕೆ ಸೀಳಿ ತೆಗೆದರು. ಬಾಯಿ ತಾನಾಗಿ ಎಡ ಗುಳಿಯವರೆಗೆ ಅಗಲವಾಯಿತು. ಮೂರು ತಿಂಗಳ ನಂತರ ಮತ್ತೆ ಸಿ.ಟಿ., ಮತ್ತೆ ವ್ಯಾಯಾಮ ಪರೀಕ್ಷೆ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಅವನಿಗೆ ತೋರಿಸಿದೆ. ಅಯೋರ್ಟಾದ ಒಳಗೆ ನಿಂತು ನೋಡಿದ ಹಾಗೆ ಕಂಪ್ಯೂಟರ್ ಕಟ್ಟಿಕೊಡುವ ಚಿತ್ರ ಅದು. ಮೊದಲನೆಯದರಲ್ಲಿ ಉಗುರಿನಿಂದ ಗೀರಿದ ಹಾಗೆ ಒಂದು ಗೆರೆ, ಎರಡನೆಯದರಲ್ಲಿ ದುಂಡನೆಯ ತೂತು. ಸ್ವಲ್ಪ ಹೊತ್ತು ನೋಡಿದ. "ಇಷ್ಟೇನಾ?" ಅಂದ. ಆಮೇಲೆ ನಾಳೆಯಿಂದ ಓಡಬಹುದಾ ಅಂತ ಕೇಳಿದ. ನಾಳೆ ಬೇಡ, ವ್ಯಾಯಾಮ ಪರೀಕ್ಷೆಯ ವರದಿ ಬರಲಿ ಅಂದೆ. ತಾಯಿ ಅಷ್ಟರಲ್ಲಿ ಹೊಸ ಎಕೋ ಹಾಳೆ ತಿರುಗಿಸಿ ಓದುತ್ತಿದ್ದರು. ಬೆರಳಿಟ್ಟು ನನ್ನನ್ನು ಕೇಳಿದರು, "ಇಲ್ಲಿ ಎರಡೂ ಬಾಯಿ ಕಂಡವು ಅಂತ ಬರೆದಿದ್ದಾರಲ್ಲ, ಹರಿವೂ ನೋಡಿದ್ದಾರಾ?"